ಮೇಸ್ತ್ರಿ ತುಂಬಿಸಿದ ಕೋರೆ

ಮೊನ್ನೆ ನೆರೆಮನೆಯವರು ಕಂಪೌಂಡಿಗೆಂದು ಕೆಂಪುಕಲ್ಲು ಇಳಿಸಿದರು. ಆಳೊಬ್ಬ ಕಲ್ಲಿಗೆ ನೀರು ಚಿಮುಕಿಸಿ ಕೆತ್ತತೊಡಗಿದ್ದೇ ತಡ, ಒದ್ದೆ ಹುಡಿಯ ವಾಸನೆ ಕಿಟಕಿಯೊಳಗೆ ಬಂತು. ಕುಡಿಯುತ್ತಿದ್ದ ಕಾಫಿ ಹಾಗೆಯೇ ಆರಿತು. ಅರುವತ್ತು ವರ್ಷದ ಹಿಂದಿನ ನಮ್ಮ ಕಲ್ಲುಕೋರೆಯ ಮೇಸ್ತ್ರಿ ನೆನಪಾದರು...

ನಾನಾಗ ಕಡಬದ ಹತ್ತಿರ ಧನಿಗಳೊಬ್ಬರಲ್ಲಿ ಲೆಕ್ಕ ಬರೆಯುವ ರೈಟರ್. ಅವರ ಗುಡ್ಡೆಯಲ್ಲಿ ಕೆಂಪುಕಲ್ಲಿನ ಕೋರೆ ಇತ್ತು. ಕಲ್ಲು ಮುಗಿದ ಮೇಲೆ ಗುಂಡಿಯನ್ನು ಹಾಗೆಯೇ ಬಿಟ್ಟು ಹೋಗುವುದು ಎಲ್ಲ ಕಡೆಯ ರೂಢಿ. ದನ ಬಿದ್ದು ಸತ್ತರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಮೇಸ್ತ್ರಿ ಮಾತ್ರ ಮೊದಲ ಕಲ್ಲು ಕಡಿಯುವ ಮುಂಚೆಯೇ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸಿದ್ದರು. ಒಡೆದ ಚೂರು ಒಂದು ಕಡೆ, ಕಲ್ಲಿನ ಹುಡಿ ಇನ್ನೊಂದು ಕಡೆ. "ಎಂತ ಮೇಸ್ತ್ರಿ, ಅಂಗಡಿ ಇಡ್ತೀರಾ?" ಎಂದು ನಾನೇ ತಮಾಷೆ ಮಾಡಿದ್ದುಂಟು.

ಅವರ ಆಸೆ ಬೇರೆಯೇ ಇತ್ತು. ಜೀವಮಾನವಿಡೀ ಬೇರೆಯವರ ಗುಡ್ಡೆಯ ಕಲ್ಲು ಕಡಿದವರಿಗೆ ಒಂದು ಬಸಳೆ ಬಳ್ಳಿ ನೆಡುವಷ್ಟೂ ಜಾಗ ಇರಲಿಲ್ಲ. ಕೋರೆ ತುಂಬಿಸಿ ಗದ್ದೆ ಮಾಡಿದರೆ ಅದನ್ನು ಅವರಿಗೇ ಗೇಣಿಗೆ ಕೊಡಲು ಧನಿಗಳು ಒಪ್ಪಿದ್ದರು. ಆದರೆ ಮೊದಲ ಮಳೆಗಾಲದಲ್ಲೇ ನೀರು ನಿಂತು ಭತ್ತದ ಸಸಿ, ನೇಜಿ, ಬೇರು ಹಿಡಿಯಬೇಕು, ಇಲ್ಲದಿದ್ದರೆ ಇಲ್ಲ.

ಎರಡು ಬೇಸಗೆ, ಸಂಜೆ ಕೆಲಸ ಬಿಟ್ಟ ಮೇಲೆ, ಗಂಡ ಹೆಂಡತಿ ಬುಟ್ಟಿಯಲ್ಲಿ ಹೊತ್ತು ತುಂಬಿಸಿದರು. ತಳಕ್ಕೆ ದೊಡ್ಡ ಚೂರು, ಮೇಲೆ ಸಣ್ಣದು. ಅದರ ಮೇಲೆ ಒಂದು ಮೊಳ ಹುಡಿ ಹಾಕಿ, ನೀರು ಹೊಯ್ದು, ಮನೆಯ ನೆಲ ಬಡಿದಂತೆ ಬಡಿಯಬೇಕು. ಕಡೆಗೆ ಮಣ್ಣು. "ಹುಡಿ ಮುಖ್ಯ ರೈಟರೇ. ಅದಿಲ್ಲದಿದ್ರೆ ನೀರು ನಿಲ್ಲುದಿಲ್ಲ, ಮಣ್ಣೂ ಇಳಿದು ಹೋಗ್ತದೆ" ಎಂದು ನನಗೆ ನೂರು ಸಲ ಹೇಳಿದ್ದರು.

ಹುಡಿ ಮತ್ತು ಮಣ್ಣು ಹಾಕುವುದಷ್ಟೇ ಬಾಕಿ ಇರುವಾಗ ಅವರು ಜ್ವರ ಬಂದು ಮಲಗಿದರು. ಹೆಂಡತಿಗೆ ಆರೈಕೆಯೇ ಕೆಲಸವಾಯಿತು. ಅದೇ ವಾರ ಧನಿಗಳ ಮಗಳ ಮದುವೆಯ ಚಪ್ಪರಕ್ಕೆ ಅಂಗಳ ಸಮ ಮಾಡಬೇಕಿತ್ತು. "ಕೋರೆಯಲ್ಲಿ ಹುಡಿ ಉಂಟಲ್ಲ ಮಾರಾಯ, ತರಿಸು" ಎಂದರು ಧನಿಗಳು. ಆಗುವುದಿಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಇಡೀ ರಾಶಿ ಗಾಡಿಯಲ್ಲಿ ಹೋಯಿತು. ಅದು ಗೊತ್ತಾಗದಿರಲೆಂದು, ಮೇಸ್ತ್ರಿ ಎದ್ದು ಬರುವಷ್ಟರಲ್ಲಿ ಆಳುಗಳಿಂದ ಚೂರಿನ ಮೇಲೆ ನೇರ ಮಣ್ಣು ಹಾಕಿಸಿಬಿಟ್ಟಿದ್ದೆ. ಧನಿಗಳ ಹೆದರಿಕೆಗೆ ಆಳುಗಳೂ ಬಾಯಿ ಬಿಡಲಿಲ್ಲ. ಗದ್ದೆ ಕಂಡು ಮೇಸ್ತ್ರಿ ನನ್ನ ಎರಡೂ ಕೈ ಹಿಡಿದುಕೊಂಡರು. "ಹುಡಿ ಸರಿ ಬಡಿಸಿದ್ರಾ?" ಎಂದು ಕೇಳಿದರು. "ಹೂಂ" ಅಂದೆ. ಛೆ, ಎಂಥ ನಾಚಿಕೆಗೇಡು ನನ್ನದು!

ಜೋರು ಮಳೆಯಲ್ಲಿ ನೇಜಿ ನೆಟ್ಟರು. ನಾಲ್ಕು ದಿನ ಚೆಂದ ಕಂಡಿತು. ಮಳೆ ಒಂದು ದಿನ ಬಿಟ್ಟದ್ದಷ್ಟೆ, ನೀರು ಬತ್ತಿ, ಅಲ್ಲಲ್ಲಿ ಮಣ್ಣು ಕುಸಿದು ನೇಜಿ ಸಮೇತ ಕಲ್ಲಿನ ಸಂದಿಗೆ ಇಳಿದಿತ್ತು. ಮೇಸ್ತ್ರಿ ಮೊಣಕಾಲೂರಿ ಒಂದು ತೂತಿಗೆ ತೋಳಿನವರೆಗೆ ಕೈ ಹಾಕಿದರು. ತುಂಬ ಹೊತ್ತು ತಡಕಾಡಿದರು. ಆಮೇಲೆ ಕತ್ತೆತ್ತಿ ನನ್ನನ್ನು ನೋಡಿದರು... ಆ ನೋಟದಲ್ಲಿ ಸಿಟ್ಟಾದರೂ ಇದ್ದಿದ್ದರೆ!

ಅಷ್ಟರಲ್ಲಿ ಧನಿಗಳು ಬಂದರು. ಹುಡಿ ತರಿಸಿದ್ದು ಅವರಿಗೆ ನೆನಪೇ ಇದ್ದಂತಿರಲಿಲ್ಲ. "ಎಂತ ಮೇಸ್ತ್ರಿ, ಇದಾ ನಿನ್ನ ಗದ್ದೆ?"

"ಹುಡಿ ಹಾಕ್ಲಿಕ್ಕೆ ನಾನೇ ಮರೆತೆ ಧನಿ" ಎಂದರು ಮೇಸ್ತ್ರಿ.

ನಾನು ಕೊಡೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.

ವಾರದೊಳಗೆ ಗಂಡ ಹೆಂಡತಿ ಅರಂತೋಡಿನ ದಾರಿಯಾಗಿ ಘಟ್ಟ ಹತ್ತಿ ಕಾಫಿ ತೋಟದ ಕೂಲಿಗೆ ಹೋದರಂತೆ. ಮೇಸ್ತ್ರಿ ಅಲ್ಲೇ ತೀರಿಕೊಂಡರು ಎಂದು ಆಮೇಲೆ ಯಾರೋ ಹೇಳಿದರು. ನಾನು ಮತ್ತೂ ಹನ್ನೊಂದು ವರ್ಷ ಅದೇ ಧನಿಗಳಲ್ಲಿ ರೈಟರಾಗಿದ್ದೆ. ನನ್ನ ಮಕ್ಕಳು ಓದಿದ್ದು ಆ ಕೆಲಸದಿಂದ.

ಕಳೆದ ವರ್ಷ ಮಗನ ಕಾರಿನಲ್ಲಿ ಕಡಬದ ಆ ಗುಡ್ಡೆಯ ದಾರಿಯಾಗಿ ಹೋದೆ. ಕುಸಿದು ಮತ್ತೆ ಹೊಂಡವಾದ ಕೋರೆಗೆ ಪೇಟೆಯ ಕಸ ತಂದು ಸುರಿಯುತ್ತಿದ್ದಾರೆ. ನಿಲ್ಲಿಸು ಎಂದೆ. ಮಗ ಮೂಗು ಮುಚ್ಚಿಕೊಂಡು, "ಎಂತ ಅಪ್ಪ, ಇಲ್ಲಿ ನಿಮಗೆ ಯಾರದ್ದಾದರೂ ಗುರ್ತ ಉಂಟಾ?" ಎಂದು ಕೇಳಿದ.

ಇಲ್ಲ, ಎಂದೆ.