ಬೋರ್ಡಿನ ಮೆಂಬರುಗಳ ಮೈಲಿ ಅಳೆದದ್ದು

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಯಲಹಂಕದ ಕಡೆ ಒಂದು ತಾಲ್ಲೂಕು ಬೋರ್ಡಿನಲ್ಲಿ ರಸ್ತೆ ಓವರ್‌ಸಿಯರ್ ಆಗಿದ್ದೆ. ಜನ ಆರಿಸಿ ಕಳಿಸಿದ ಮೆಂಬರುಗಳು ಸಭೆಗೆ ಬಂದರೆ ಮೈಲಿಗೆ ಇಷ್ಟು ಎಂದು ಪ್ರಯಾಣ ಭತ್ಯೆ ಸಿಗುತ್ತಿತ್ತು. ಮನೆಯಿಂದ ಕಚೇರಿಗೆ ಎಷ್ಟು ಮೈಲಿ ಎಂದು ಅವರೇ ಬರೆದು ಸಹಿ ಹಾಕುತ್ತಿದ್ದರು. ವರ್ಷದಿಂದ ವರ್ಷಕ್ಕೆ ಅವರ ಮನೆಗಳು ದೂರ ಸರಿಯುತ್ತಿವೆ ಎಂದು ಮೇಲಿನವರಿಗೆ ಹೇಗೋ ಗೊತ್ತಾಯಿತು. ಒಂದು ಬೆಳಿಗ್ಗೆ ಹೊಸ ಆದೇಶ ಬಂತು: ಇನ್ನು ಮೇಲೆ ದೂರವನ್ನು ಓವರ್‌ಸಿಯರ್ ಅಳೆದು ದೃಢೀಕರಿಸಬೇಕು, ಮೆಂಬರು ಬರೆದ ಊರಿನಲ್ಲಿ ನಿಜವಾಗಿ ವಾಸವಿದ್ದಾರೆಯೇ ಎಂದೂ ನೋಡಬೇಕು.

ನನಗೆ ಆಗ ಇಪ್ಪತ್ತನಾಲ್ಕು ವರ್ಷ. ಆ ಕೆಲಸ ನನಗೆ ಎಷ್ಟು ಹಿಡಿಸಿತೆಂದರೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ದೊಡ್ಡ ರಸ್ತೆಯಲ್ಲಿ ಮೈಲಿಗಲ್ಲುಗಳಿದ್ದವು. ಅಲ್ಲಿಂದ ಮನೆಬಾಗಿಲವರೆಗೆ ಸರಪಳಿ ಹಿಡಿದು ಅಳೆಯುವುದಕ್ಕೆ ನನ್ನ ಜೊತೆ ಇಬ್ಬರು ಕೂಲಿಯಾಳುಗಳು.

ಮೊದಲು ಹೋದದ್ದು ಒಂಬತ್ತು ಮೈಲಿ ಬರೆಯುತ್ತಿದ್ದ ಮೆಂಬರೊಬ್ಬರ ಊರಿಗೆ. ಮನೆಗೆ ಬೀಗ. ಜಗಲಿಯ ಮೇಲೆ ಪಕ್ಕದವರ ಮೇಕೆ ಕಟ್ಟಿತ್ತು. “ಅವ್ರಾ? ಅವ್ರು ಕೊಡಿಗೇಹಳ್ಳಿ ಸೇರ್ಕಂಡು ಮೂರ್ ವರ್ಸ ಆಯ್ತಲ್ಲ” ಎಂದಳು ಮೇಕೆಯವಳು. ಕೊಡಿಗೇಹಳ್ಳಿಯಿಂದ ನಮ್ಮ ಕಚೇರಿಗೆ ಒಂಬತ್ತರ ಅರ್ಧವೂ ಇಲ್ಲ. ಅವತ್ತು ಸೈಕಲ್ ತುಳಿಯುತ್ತಾ ಬಂದಾಗ ನನ್ನ ಎದೆ ಉಬ್ಬಿತ್ತು. ಅಂದಿನಿಂದ ಯಾವ ಮೆಂಬರು ನಮಸ್ಕಾರ ಹೇಳಿದರೂ ಈತ ಏನು ಮುಚ್ಚಿಡುತ್ತಿದ್ದಾನೆ ಎಂದೇ ಯೋಚಿಸುತ್ತಿದ್ದೆ.

ಹೆಂಗಸರಿಗೆ ಮೀಸಲಾದ ಸ್ಥಾನದಲ್ಲಿ ಒಬ್ಬ ವಿಧವೆ ಇದ್ದರು. ಐವತ್ತರ ಆಸುಪಾಸು, ಮಾತು ಕಡಿಮೆ. ಹುಣಸಮಾರನಹಳ್ಳಿಯಿಂದ ಒಳಕ್ಕೆ ಅವರ ಊರು. ಬಿಲ್ಲಿನಲ್ಲಿ ಪ್ರತಿ ಸಲವೂ ನಾಲ್ಕು ಮೈಲಿ ಎಂದಿತ್ತು. ನಾನು ಅಳೆದಾಗ ಬಂದದ್ದು ಏಳೂವರೆ. ಹೆಚ್ಚು ಬರೆದವರನ್ನು ಕಂಡಿದ್ದೆ, ಕಡಿಮೆ ಬರೆದವರು ಇವರೊಬ್ಬರೇ. ಹೆಡ್‌ಗುಮಾಸ್ತರಿಗೆ ತೋರಿಸಿದೆ.

ಅವರು ಕನ್ನಡಕ ಮೇಲೆತ್ತಿದರು. “ಜಾಸ್ತಿ ಬರೆಯೋರು ಸಿಕ್ಕಿಬೀಳ್ತಾರೆ ಕಣಯ್ಯ. ಕಡಿಮೆ ಬರೆಯೋರ ಹತ್ರ ಹುಷಾರಾಗಿರು. ಆಯಮ್ಮ ಆ ಊರಲ್ಲೇ ಇಲ್ವೋ ಏನೋ!”

ಸರಿ, ಮತ್ತೆ ಆ ಊರಿಗೆ ಹೋದೆ. ಆಕೆಯ ಮನೆ ಬಿಟ್ಟು ಬೇರೆಯವರನ್ನು ವಿಚಾರಿಸಿದೆ. ಅರಳಿಕಟ್ಟೆಯ ಮೇಲಿದ್ದ ಮುದುಕರು ನನ್ನನ್ನೇ ವಿಚಾರಿಸಿದರು. “ಯಾಕಪ್ಪ ಇಂಗೆ ಸುತ್ತಾಕ್ತಿದ್ದೀಯ? ಸರ್ಕಾರದೋರು ನಮ್ ಜಮೀನ್ ತಗಳ್ತಾರಾ?” ಕೊನೆಗೆ ಒಬ್ಬರು ಬಾಯಿಬಿಟ್ಟರು: “ಮೀಟಿಂಗ್ ದಿನ ವೊತ್ತಾರೆನೇ ವೊಂಟೋಯ್ತಾರೆ. ರಸ್ತೆ ಕಡೆ ಅಲ್ಲ, ಆ ಕಡೀಕೆ.” ಕೈ ತೋರಿಸಿದ್ದು ರಸ್ತೆಗೆ ಬೆನ್ನು ಮಾಡಿದ ದಿಕ್ಕಿಗೆ. ಕಚೇರಿಗೆ ಹೋಗುವವರಿಗೆ ಆ ಕಡೆ ಏನು ಕೆಲಸ, ಬೇರೆಲ್ಲೋ ಮನೆಯಿರಬೇಕು ಎಂದುಕೊಂಡೆ; ನನಗೆ ಅಷ್ಟೇ ಸಾಕಾಯಿತು. ‘ವಾಸಸ್ಥಳ ಸಂದೇಹಾಸ್ಪದ’ ಎಂದು ವರದಿ ಬರೆದೆ. ಆಕೆಯ ಬಿಲ್ಲುಗಳು ನಿಂತುಹೋದವು.

ಅದಾದ ಮೇಲಿನ ಮೂರನೆಯ ಸಭೆಯ ದಿನ ಮಧ್ಯಾಹ್ನ ಆಕೆ ನೇರ ನನ್ನ ಮೇಜಿನ ಮುಂದೆ ಬಂದು ನಿಂತರು. “ಮೈಲಿ ಅಳ್ಯೋರು ನೀವೇನಾ ಅಪ್ಪ? ನಾನ್ ಬರೋ ದಾರೀನ ಯಾರೂ ಅಳ್ದಿಲ್ವಂತೆ. ಈಗ ಮನೀಗೆ ವೋಯ್ತಾ ಇವ್ನಿ, ಬನ್ನಿ.”

ಸರಪಳಿ ಹೊತ್ತ ಇಬ್ಬರನ್ನು ಕರೆದುಕೊಂಡು ಹೊರಟೆ. ಆಕೆ ಕಚೇರಿಯ ಹಿಂದಿನ ಹೊಲಗಳಿಗೆ ಇಳಿದರು. ಬದುವಿನ ಮೇಲೆ ಹೋಗಿ, ಕೆರೆಯ ಏರಿ ಹತ್ತಿ, ತೂಬಿನ ಹತ್ತಿರ ಚಪ್ಪಲಿ ಕೈಗೆ ತೆಗೆದುಕೊಂಡು ನೀರು ದಾಟಿದರು. ಸೀರೆಯ ಅಂಚು ನೆನೆದರೂ ನಿಲ್ಲಲಿಲ್ಲ. ನಾನು ಮಾತ್ರ ದಾರಿಯಲ್ಲಿ ಎದುರಾದವರ ಮುಖ ನೋಡುತ್ತಿದ್ದೆ, ಇವರಿಗೆಲ್ಲ ಮೊದಲೇ ಹೇಳಿಕೊಟ್ಟಿರಬಹುದೇ ಎಂದು. ಒಬ್ಬ ಕುರಿ ಕಾಯುವವನು “ಮೀಟಿಂಗ್ ಮುಗೀತಾ ಅಕ್ಕ?” ಎಂದು ಕೇಳಿದಾಗಲೂ ನನಗೆ ಅದು ಪಾಠ ಒಪ್ಪಿಸಿದಂತೆಯೇ ಕೇಳಿಸಿತು.

ಮನೆಬಾಗಿಲಿಗೆ ಸರಪಳಿ ಮುಟ್ಟಿದಾಗ ಲೆಕ್ಕ ಹಾಕಿದೆ. ನಾಲ್ಕು ಮೈಲಿ, ಮೇಲೆ ಒಂದು ಫರ್ಲಾಂಗು. ಆ ಫರ್ಲಾಂಗನ್ನೂ ಆಕೆ ಬಿಟ್ಟುಕೊಟ್ಟಿದ್ದರು.

ಮಜ್ಜಿಗೆ ತಂದುಕೊಟ್ಟರು. ಕುಡಿದರೆ ಹಂಗಿಗೆ ಬಿದ್ದಂತಾಗುತ್ತದೇನೋ ಎಂದು ಲೋಟ ಹಿಡಿದು ಕೂತೆ. “ಕುಡೀರಿ, ಇದಕ್ಕೆ ಬಿಲ್ ಆಕಾಕಿಲ್ಲ” ಎಂದರು. ಕೂಲಿಯಾಳುಗಳು ನಕ್ಕರು. ನನಗೆ ಮುಖ ಎತ್ತಲಾಗಲಿಲ್ಲ.

ಮಾರನೆಯ ದಿನ ಹೆಡ್‌ಗುಮಾಸ್ತರ ಮುಂದೆ ಹೊಸ ವರದಿ ಇಟ್ಟೆ. ಅವರು ಆದೇಶ ತೆಗೆದು ಬೆರಳಿಟ್ಟು ತೋರಿಸಿದರು. ಗಾಡಿ ಓಡುವ ರಸ್ತೆಯ ದೂರಕ್ಕಷ್ಟೇ ಭತ್ಯೆ. ಕಾಲುದಾರಿ ಲೆಕ್ಕಕ್ಕಿಲ್ಲ.

“ಏಳೂವರೆ ಅಂತ ಬರ್ಕೊಡೋಕೆ ಹೇಳು. ಹತ್ತಿರ ಹತ್ತಿರ ಎರಡರಷ್ಟು ಬರುತ್ತೆ. ಆಯಮ್ಮಂಗೇನು ನಷ್ಟ?”

ಮುಂದಿನ ಸಭೆಯ ದಿನ ನಾನೇ ಹೋಗಿ ಹೇಳಿದೆ. “ನಾನ್ ನಡೀದೆ ಇರೋ ದಾರೀಗೆ ದುಡ್ ತಗಳ್ಲಾ?” ಎಂದರು ಆಕೆ. ಬೇಡವೆಂದರೆ ಏನೂ ಬರುವುದಿಲ್ಲ ಎಂದೆ. “ಬ್ಯಾಡ ಬಿಡಿ.” ಅಷ್ಟು ಹೇಳಿ ಸಭೆಯ ಕೋಣೆಗೆ ಹೋದರು. ಕಾಲುದಾರಿಯನ್ನೂ ಒಪ್ಪಬೇಕೆಂದು ನಾನು ಮೇಲಕ್ಕೆ ಒಂದು ಟಿಪ್ಪಣಿ ಬರೆದೆ. ಉತ್ತರ ಬರಲಿಲ್ಲ. ಅಷ್ಟರಲ್ಲಿ ಒಂಬತ್ತು ಮೈಲಿಯ ಮೆಂಬರು ಹಳ್ಳಿಮನೆಯ ಬೀಗ ತೆಗೆಸಿ, ಸುಣ್ಣ ಬಳಿಸಿ, ತಾನು ಅಲ್ಲೇ ವಾಸವೆಂದು ಊರವರಿಂದ ಪತ್ರ ತಂದಿದ್ದರು. ಅವರ ಸಂಸಾರ ಕೊಡಿಗೇಹಳ್ಳಿಯಲ್ಲೇ ಇದೆಯೆಂದು ಎಲ್ಲರಿಗೂ ಗೊತ್ತು. ಆದರೆ ಆದೇಶ ಕೇಳಿದ್ದೆಲ್ಲ ಅವರ ಕೈಯಲ್ಲಿತ್ತು. ಒಂಬತ್ತು ಮೈಲಿ ಎಂದು ದೃಢೀಕರಿಸಿ ನಾನೇ ಸಹಿ ಹಾಕಬೇಕಾಯಿತು.

ಆಕೆ ಅವಧಿ ಮುಗಿಯುವವರೆಗೆ ಒಂದು ಸಭೆಯನ್ನೂ ತಪ್ಪಿಸಲಿಲ್ಲ, ಒಂದು ಬಿಲ್ಲನ್ನೂ ಕೊಡಲಿಲ್ಲ. ಕೊನೆಯ ಸಭೆಯ ದಿನ ನಾನು ಧೈರ್ಯ ಮಾಡಿದೆ.

“ಅಮ್ಮಾ, ನಿಮ್ಮ ಮೇಲೆ ಅನುಮಾನ ಅಂತ ಬರೆದೋನು ನಾನೇ.”

“ಗೊತ್ತು. ಊರ್ನಾಗೆ ಯಾರ್ಯಾರನ್ನ ಏನೇನ್ ಕೇಳುದ್ರಿ ಅಂತ ಅವತ್ತೇ ಬಂದ್ ಯೋಳುದ್ರು.”

“ಮತ್ತೆ ಯಾಕೆ ನನ್ನನ್ನ ಬೈಲಿಲ್ಲ?”

ಆಕೆ ಸೆರಗು ಸರಿಮಾಡಿಕೊಂಡರು. “ನಂಗೂ ನಿಮ್ ಮ್ಯಾಲೆ ಅನುಮಾನ ಇತ್ತಲ್ಲಪ್ಪ. ಆ ಒಂಬತ್ ಮೈಲಿಯೋನು ನಿಮ್ಗೆ ಏನೋ ಕೊಟ್ಟು ಬರಿಸವ್ನೆ ಅಂದ್ಕಂಡಿದ್ದೆ. ನಿಮ್ಮನ್ನ ದಾರಿ ಅಳ್ಯಾಕ್ ಕರ್ಯೋಕ್ ಮುಂಚೆ ನಿಮ್ ಮನೆ ಹತ್ರ ವೋಗಿ ಇಚಾರಿಸ್ಕಂಡು ಬಂದೆ.”

ಯಲಹಂಕದ ಹಳೇ ಊರಿನಲ್ಲಿ ಬಾಡಿಗೆಗಿದ್ದ ನನ್ನ ಕೋಣೆಗೆ ಅವತ್ತು ಬೇಗ ಹೋದೆ. ಮನೆಯ ಯಜಮಾನಿ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಹಳ್ಳಿಯ ಕಡೆಯ ಅಮ್ಮ ಒಬ್ಬರು ನನ್ನ ಬಗ್ಗೆ ಯಾವಾಗಲಾದರೂ ಕೇಳಿದ್ದರೇ ಎಂದೆ.

“ಹೂಂ, ಬಂದಿದ್ರಲ್ಲ! ಬಾಡಿಗೆ ಸರಿಯಾಗಿ ಕೊಡ್ತಾರಾ, ಯಾರ್ಯಾರು ಬಂದು ಹೋಗ್ತಾರೆ, ಕಾರ್‌ನಲ್ಲಿ ಯಾರಾದ್ರೂ ಬರ್ತಾರಾ ಅಂತೆಲ್ಲ ಕೇಳಿದ್ರು. ಹೆಣ್ಣಿನ ಕಡೆಯೋರು ಅನ್ಕೊಂಡು ನಾನು ನಿಮ್ಮನ್ನ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಪತ್ತೇನೇ ಇಲ್ಲ. ಯಾಕ್ರೀ, ಜಾತಕ ಕೂಡಿಬರ್ಲಿಲ್ವಾ?”