ಕಂಬಳಿಯ ಸವೆದ ಮೂಲೆ

ನಮ್ಮ ಮನೆಯ ಕರಿ ಕಂಬಳಿಯ ಮೂರು ಮೂಲೆಗಳು ನೆಟ್ಟಗಿವೆ. ನಾಲ್ಕನೆಯದು ಮಾತ್ರ ಸವೆದು, ಬೆಳಕಿಗೆ ಹಿಡಿದರೆ ಜರಡಿಯಂತೆ ಕಾಣುತ್ತದೆ. ಹೊದೆಯಲು ಬಾರದ, ಎಸೆಯಲು ಮನಸ್ಸೂ ಬಾರದ ಇಂಥದೊಂದು ವಸ್ತು ನಿಮ್ಮ ಮನೆಯಲ್ಲೂ ಇರಬಹುದು. ಚಳ್ಳಕೆರೆಯ ನೇಕಾರರೊಬ್ಬರು ಅದನ್ನು ಸರಿಪಡಿಸಿಕೊಡುತ್ತೇನೆಂದಾಗ ನಾನು ಬೇಡವೆಂದೆ. ಆ ಮೂಲೆಯನ್ನು ಸವೆಸಿದ್ದು, ಕೊಂಡಮುಚ್ಚು ಎಂದೂ ಕರೆಯುವ ಕರಿಮೋರೆಯ ಮುಸುವದ ಒಂದು ಮರಿ, ಐದು ತಿಂಗಳಲ್ಲಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಜಟಿಂಗ ರಾಮೇಶ್ವರ ಬೆಟ್ಟದ ಕೆಳಗಿನ ಒಂದು ಹಳ್ಳಿಯಲ್ಲಿ ಶಿಕ್ಷಕಿಯಾಗಿದ್ದೆ. ಪಕ್ಕದ ಮನೆಯಲ್ಲಿ ಕುರಿ ಕಾಯುವ ಈರಣ್ಣ, ಅವನ ಹೆಂಡತಿ ಓಬಮ್ಮ. ಒಂದು ಬೆಳಿಗ್ಗೆ ಓಬಮ್ಮನೂ ನಾನೂ ರಾಂಪುರದ ಬಸ್ಸಿಗೆ ಕಾಯುತ್ತಿದ್ದಾಗ, ಲಾರಿಯೊಂದು ರಸ್ತೆ ದಾಟುತ್ತಿದ್ದ ಹೆಣ್ಣು ಮುಸುವಕ್ಕೆ ಬಡಿದು ನಿಲ್ಲದೆ ಹೋಯಿತು. ಹತ್ತಿರ ಹೋದೆವು. ತಾಯಿ ಸತ್ತಿತ್ತು, ಹೊಟ್ಟೆಗೆ ಅಂಟಿದ್ದ ಕರಿಯ ಮರಿ ಇನ್ನೂ ಮೊಲೆ ಚೀಪುತ್ತಿತ್ತು. ಇಷ್ಟು ವರ್ಷಗಳ ಮೇಲೂ ಈ ಮಾತನ್ನು ಒಂದೇ ಉಸಿರಿನಲ್ಲಿ ಬರೆಯಲು ನನಗೆ ಆಗುವುದಿಲ್ಲ. ಓಬಮ್ಮ ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ನಾಲ್ಕನೆಯದನ್ನು ಬಿಡಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಹಿಡಿದಿರುತ್ತಿತ್ತು. ಕೊನೆಗೆ ತಾಯಿಯ ಕೂದಲ ಬದಲಿಗೆ ತನ್ನ ಕಂಬಳಿಯ ಮೂಲೆಯನ್ನು ಒಡ್ಡಿದಳು. ಮರಿ ಅದನ್ನು ಹಿಡಿಯಿತು.

ಮೃಗಾಲಯ ದೂರ, ಇಷ್ಟು ಎಳೆಯದು ದಾರಿಯಲ್ಲೇ ಸಾಯುತ್ತದೆ, ಸ್ವಲ್ಪ ಬಲಿತ ಮೇಲೆ ಬೆಟ್ಟದ ಗುಂಪಿಗೇ ಸೇರಿಸಿ ಎಂದರು ನೋಡಲು ಬಂದ ಅರಣ್ಯದ ಗಾರ್ಡ್. ಹಾಗಾಗಿ ಅದು ಓಬಮ್ಮನ ಮನೆಯಲ್ಲಿ ಮೇಕೆಹಾಲು ಕುಡಿದು ಬೆಳೆಯಿತು. ತಬ್ಬಲಿ ಕುರಿಮರಿಗಳನ್ನು ಕೈಯಾರೆ ಸಾಕುವಾಗ ಆ ಮನೆಯಲ್ಲಿ ಒಂದು ಕಟ್ಟಳೆಯಿತ್ತು: ಮಂದೆಗೆ ಸೇರುವ ತನಕ ಹೆಸರಿಡುವಂತಿಲ್ಲ.

"ಹೆಸ್ರು ಹಿಡ್ದು ಕರದ್ರೆ ಮಂದೆ ಬಿಟ್ಟು ನಮ್ ಹಿಂದೇನೇ ಬರ್ತಾವೆ, ಮೇಡಮ್ಮೋರೆ," ಎಂದಳು ಓಬಮ್ಮ. "ಇದ್ಕೂ ಅಷ್ಟೇಯ. ಕೊಂಡಮುಚ್ಚು ಅನ್ರಿ, ಸಾಕು."

"ನನ್ನೂ ಹೆಸ್ರು ಹಿಡ್ದು ಕರ್ಯಲ್ಲ ಇವ್ಳು," ಎಂದ ಈರಣ್ಣ. "ಅದ್ಕೇ ನಾನು ಮಂದೇಲೇ ಉಳ್ದೀನಿ."

"ಮಂದೇಲೆಲ್ಲಿದ್ದೀಯ, ಯಾವಾಗ ನೋಡಿದ್ರೂ ರಾಂಪುರದ ಚಾ ಅಂಗ್ಡೀಲಿರ್ತೀಯ. ಸುಮ್ಕಿರು."

ನನ್ನ ಕಸುಬೋ, ಹೆಸರು ಕರೆಯುವುದೇ. ದಿನವೂ ಹಾಜರಿ ಪುಸ್ತಕ ತೆರೆದು ಮಕ್ಕಳ ಹೆಸರುಗಳನ್ನು ಕರೆದು, ಸಂಜೆ ಯಾರನ್ನೂ ಕರೆಯಬೇಕಿಲ್ಲದ ಒಂಟಿ ಕೋಣೆಗೆ ಮರಳುತ್ತಿದ್ದವಳು ನಾನು. ಶಾಲೆ ಬಿಟ್ಟ ಮೇಲೆ, ಓಬಮ್ಮ ಮಂದೆಯಿಂದ ಬರುವ ತನಕ ಮರಿ ನನ್ನ ಹತ್ತಿರವಿರುತ್ತಿತ್ತು. ಬಟ್ಟೆಯ ಬತ್ತಿಯಿಂದ ಹಾಲು ಚೀಪಿಸುತ್ತಾ ಒಂದು ದಿನ, ಯಾರಿಗೂ ಕೇಳದಂತೆ, ಅದಕ್ಕೊಂದು ಹೆಸರಿಟ್ಟೆ. ಮೂರನೆಯ ದಿನ ಕರೆದಾಗ ಅದು ತಿರುಗಿ ನೋಡಿತು. ಅಂಥ ಹಾಜರಿ ನನಗೆ ಯಾವ ತರಗತಿಯಲ್ಲೂ ಸಿಕ್ಕಿರಲಿಲ್ಲ.

ಮರಿಯ ಕಪ್ಪು ಕಳೆದು ಬೂದುಬಣ್ಣ ಬಂತು. ಓಬಮ್ಮ ಬೆಳಿಗ್ಗೆ ಅದನ್ನು ಬೆಟ್ಟದ ಬುಡದ ಹುಣಸೆಮರದ ತಗ್ಗಿನ ಕೊಂಬೆಯ ಮೇಲೆ, ಕಂಬಳಿಯ ಸಮೇತ ಕೂರಿಸಿ ದೂರ ಸರಿಯತೊಡಗಿದಳು. ಚಿಗುರು ತಿನ್ನಲು ಬರುವ ಗುಂಪಿನ ಒಂದು ಹೆಣ್ಣು ದಿನಕ್ಕೊಂದು ಕೊಂಬೆಯಷ್ಟು ಹತ್ತಿರವಾಗುತ್ತಿತ್ತು. "ಇನ್ನೊಂದು ತಿಂಗ್ಳು ಹೋದ್ರೆ ಇದು ನಮ್ದೂ ಅಲ್ಲ, ಅವುರ್ದೂ ಅಲ್ಲ," ಎನ್ನುತ್ತಿದ್ದಳು ಓಬಮ್ಮ.

ಒಂದು ಭಾನುವಾರ ನಾನೂ ಹೋಗಿ ಬಂಡೆಯ ಮರೆಯಲ್ಲಿ ನಿಂತೆ. ಆ ಹೆಣ್ಣು ಕೈ ಚಾಚಿತು. ಮರಿ ಕಂಬಳಿಯಿಂದ ಒಂದು ಕೈ ಬಿಟ್ಟಿತು, ಆಮೇಲೆ ಇನ್ನೊಂದು. ಆಗ ನನ್ನ ಬಾಯಿಂದ ಹೆಸರು ಹೊರಬಿತ್ತು. ಗಟ್ಟಿಯಾಗಿಯೇನಲ್ಲ, ಆದರೆ ಮರಿಗೆ ಕೇಳಿಸುವಷ್ಟು ಇತ್ತು. ಮರಿ ತಿರುಗಿತು, ಮರದಿಂದ ಜಾರಿ ಓಡಿಬಂದು ನನ್ನ ಸೀರೆಯನ್ನು ಹಿಡಿದುಕೊಂಡಿತು. ಮನುಷ್ಯರನ್ನು ಕಂಡ ಗುಂಪು ಬಂಡೆಯಿಂದ ಬಂಡೆಗೆ ಹಾರಿ ಮರೆಯಾಯಿತು.

ಓಬಮ್ಮ ಬೈಯಲಿಲ್ಲ. ಅರ್ಧ ದಾರಿ ಬಂದ ಮೇಲೆ, "ಏನಂತ ಇಟ್ಟಿದ್ರಿ?" ಎಂದು ಕೇಳಿದಳು. ಹೇಳಿದೆ.

"ಚೆಂದಾಗೈತೆ," ಎಂದಳು.

ಹನ್ನೊಂದು ದಿನ ಗುಂಪು ಆ ಮರದ ಕಡೆ ಸುಳಿಯಲಿಲ್ಲ. ಅಷ್ಟು ದಿನವೂ ನಾನು ಮರಿಯ ಕಣ್ಣಿಗೆ ಬೀಳಲಿಲ್ಲ. ಗೋಡೆಯಾಚೆ ಅದು ಕಿರುಚಿದಾಗ ಮಕ್ಕಳ ಕಾಪಿಪುಸ್ತಕ ತಿದ್ದುತ್ತಾ, ಸರಿಯಿದ್ದ ಅಕ್ಷರಗಳಿಗೂ ಗೆರೆ ಎಳೆಯುತ್ತಿದ್ದೆ. ಹನ್ನೆರಡನೆಯ ದಿನ ಓಬಮ್ಮ ಬರಿಯ ಕಂಬಳಿ ಹೊತ್ತು ಬಂದಳು.

"ಹೋತು ಮೇಡಮ್ಮೋರೆ. ಆ ಹೆಣ್ಣೇ ಎದೆಗವುಚ್ಕೊಂಡು ಹೋತು."

"ತಿರುಗಿ ನೋಡ್ತಾ?"

"ಕರ್ಯೋರು ಯಾರಿದ್ರು?"

ಆ ಪ್ರಶ್ನೆ ನನ್ನೊಳಗೆ ಇನ್ನೂ ಕೂತಿದೆ. ಪ್ರೀತಿಯೆಂದರೆ ಹೆಸರು ಹಿಡಿದು ಕರೆಯುವುದೆಂದು ನಂಬಿ ಬದುಕಿದವಳಿಗೆ, ಬಾಯಿ ಮುಚ್ಚಿ ನಿಲ್ಲುವುದೂ ಪ್ರೀತಿಯ ಕೆಲಸವೇ ಎಂದು ಕಲಿಸಿದವಳು ಶಾಲೆಯ ಮೆಟ್ಟಿಲು ಹತ್ತದ ಓಬಮ್ಮ. ನನಗೆ ಚಳ್ಳಕೆರೆಗೆ ವರ್ಗವಾದಾಗ ಅವಳು ಆ ಕಂಬಳಿಯನ್ನು ಮಡಿಸಿ ಕೈಗಿತ್ತಳು. ಆಮೇಲೆ ಎಷ್ಟೋ ಸಲ ಬಸ್ಸು ಆ ಬೆಟ್ಟವನ್ನು ದಾಟುವಾಗ ಬಂಡೆಗಳ ಮೇಲೆ ಬೂದುಬಣ್ಣದ ಮುಸುವಗಳು ಕೂತಿರುವುದನ್ನು ಕಂಡಿದ್ದೇನೆ. ಕಿಟಕಿಯಿಂದ ಒಮ್ಮೆ ಕರೆದರೆ ಅವುಗಳಲ್ಲೊಂದು ತಿರುಗಬಹುದು, ಯಾವುದೂ ತಿರುಗದೆಯೂ ಇರಬಹುದು. ಎರಡಕ್ಕೂ ನನಗೆ ಭಯ.

ನಿಮಗೂ ಆ ಹೆಸರನ್ನು ಹೇಳುವುದಿಲ್ಲ, ಬೇಸರಪಡಬೇಡಿ. ಬಿಸಿಲಿಗೆ ಹರವಿದ ಕಂಬಳಿಯನ್ನು ಮಡಿಸುವಾಗ ಆ ಸವೆದ ಮೂಲೆ ಕೈಗೆ ಸಿಗುತ್ತದೆ, ಹೆಸರು ತುಟಿಯ ತನಕ ಬರುತ್ತದೆ. ಮೂಲೆಯನ್ನು ಹಿಡಿದ ನನ್ನ ಬೆರಳುಗಳನ್ನು ಆಗ ನಾನೇ ಒಂದೊಂದಾಗಿ ಬಿಡಿಸಿಕೊಳ್ಳುತ್ತೇನೆ.