ಮೂರನೆಯ ಲಾಳಿ

ಗೌರಕ್ಕ, ನಿಮ್ಮ ಮನೆಯ ಮೂರನೆಯ ಲಾಳಿಯನ್ನು ಅಮ್ಮನ ಗುಡಿಯಿಂದ ತೆಗೆದುಕೊಂಡು ಹೋದವನು ನಾನು. ನಿನ್ನ ಅಪ್ಪ ಅಲ್ಲ. ನೀನೂ ಅಲ್ಲ.

ಇಷ್ಟು ಬರೆಯಲು ಇಪ್ಪತ್ತೊಂದು ವರ್ಷ ಹಿಡಿಯಿತು. ಬರೆದ ಮೇಲೂ ಮನಸ್ಸು ನಿಂತು ಕೇಳುತ್ತದೆ—ನಿಜವೇ? ಇದು ನನ್ನ ಓದಿನ ಚಾಳಿ. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮಾಡುವಾಗ ಯಾವ ಸಾಕ್ಷಿಯನ್ನೂ ಪೂರ್ತಿ ನಂಬಬಾರದು ಎಂದು ಕಲಿಸಿದ್ದರು. ಆ ಪಾಠವನ್ನು ನಾನು ನನ್ನ ನೆನಪಿನ ಮೇಲೆ, ನನಗೆ ಅನುಕೂಲವಾಗುವಷ್ಟು ಮಾತ್ರ, ಪ್ರಯೋಗಿಸುತ್ತಾ ಬಂದೆ. ಇದನ್ನು ನಿನಗೊಬ್ಬಳಿಗೆ ಕಾಗದವಾಗಿ ಬರೆಯಬಹುದಿತ್ತು. ಆದರೆ ನಿನ್ನ ಅಪ್ಪನನ್ನು ಕಳ್ಳ ಎಂದದ್ದು ಇಡೀ ಬೀದಿಯ ಎದುರು. ಹಾಗಾಗಿ ಇದೂ ಎಲ್ಲರ ಎದುರೇ ಇರಲಿ. ನಿನಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಓದುವ ಬೇರೆಯವರಿಗೆ ತಿಳಿಯಬೇಕಲ್ಲ.

ಮುಷ್ಕರ ಶುರುವಾದ ದಿನ ಕೊಳ್ಳೇಗಾಲದ ನಮ್ಮ ನೇಕಾರರ ಬೀದಿ ಮದುವೆ ಮನೆಯ ಹಾಗಿತ್ತು—ಅಥವಾ ಆಮೇಲಿನ ದಿನಗಳು ಅಷ್ಟು ಕೆಟ್ಟದ್ದರಿಂದ ಹಾಗೆ ಕಾಣುತ್ತಿದೆಯೋ ಏನೋ. ಯಜಮಾನರು ಕೂಲಿ ಏರಿಸುವುದಿಲ್ಲ ಎಂದಿದ್ದರು. ರೇಷ್ಮೆ ನೂಲು ಅವರದು, ನೇಯ್ದ ಸೀರೆ ಅವರದು, ನಮ್ಮದು ಕೈ ಮಾತ್ರ. ಕೆಲಸ ನಿಲ್ಲಿಸುತ್ತೇವೆ ಎಂದು ಎಲ್ಲರೂ ಕೂಗುತ್ತಿದ್ದಾಗ ನಿನ್ನ ಅಪ್ಪ, ನಮ್ಮ ಸಿದ್ದಪ್ಪ ಮಾವ, ಮೆತ್ತಗೆ ಒಂದು ಮಾತು ಹೇಳಿದರು: "ಬಾಯಲ್ಲಿ ಏಳದು ಬ್ಯಾಡ ಕಣ್ರಪ್ಪ. ಲಾಳೀನೇ ತಂದು ಅಮ್ಮನ್ ಮುಂದೆ ಮಡಗ್ಬುಡನ."

ಅಡ್ಡನೂಲು ಹೊತ್ತು ಆಚೀಚೆ ಓಡುವ ಲಾಳಿ ಇಲ್ಲದಿದ್ದರೆ ಮಗ್ಗ ಬರೀ ಮರ. ಮನೆಮನೆಯವರೂ ತಂದು ಗುಡಿಯ ಬಿದಿರು ಮಂಕರಿಯಲ್ಲಿ ಇಟ್ಟರು. ಪ್ರತಿ ಲಾಳಿಯ ಮೇಲೂ ಆಯಾ ಮನೆಯ ಗುರುತು, ಕಾದ ಕಂಬಿಯಲ್ಲಿ ಸುಟ್ಟದ್ದು. ನಿಮ್ಮದು ಎರಡು ಗೆರೆ, ಒಂದು ಚುಕ್ಕೆ. ಒಡಲು ಒಂದು ಬಣ್ಣ, ಅಂಚು ಇನ್ನೊಂದು ಬಣ್ಣದ ಸೀರೆ ನೇಯುವ ಮನೆಯಾದ್ದರಿಂದ ನಿಮ್ಮವು ಮೂರು—ಒಡಲಿಗೊಂದು, ಎರಡು ಅಂಚಿಗೆ ಒಂದೊಂದು. ನೇಯುವಾಗ ಮೂರನೆಯದನ್ನು ಎಸೆಯುತ್ತಿದ್ದವಳು ನೀನು, ಅಪ್ಪನ ಬಲಗಡೆ ಕುಳಿತು. ಎಲ್ಲರ ಹೆಸರು, ಲಾಳಿಗಳ ಸಂಖ್ಯೆ ಬರೆದುಕೊಂಡವನು ನಾನು. ಯಾಕೆ ಬರೆದುಕೊಂಡೆ? ಯಾರೂ ಕೇಳಿರಲಿಲ್ಲ. ಓದಿದವನಲ್ಲವೇ, ಬೀದಿಯ ಬಾಯಲ್ಲಿ ಆಗಲೇ 'ಮೇಷ್ಟ್ರು', ಏನಾದರೂ ಬರೆಯಬೇಕಿತ್ತು.

ಮಂಕರಿಗೆ ಮುಚ್ಚಳವಿರಲಿಲ್ಲ. ಅದನ್ನು ಕಾಯುವವರೂ ಇರಲಿಲ್ಲ.

ಮೂರನೆಯ ದಿನ ರೇಷ್ಮೆ ಗೂಡು ಬೆಳೆಯುವವರ ಬೆಂಬಲ ಕೇಳಲು ಒಬ್ಬನೇ ಬಂಡಳ್ಳಿಗೆ ಹೊರಟೆ. ಭಾಷಣ ನನ್ನ ಪಾಲಿನ ಕೆಲಸವಾಗಿತ್ತು. ಹೊರಡುವಾಗ ಮಂಕರಿಯಿಂದ ಕೈಗೆ ಸಿಕ್ಕ ಲಾಳಿಯೊಂದನ್ನು ಹೆಗಲ ಚೀಲಕ್ಕೆ ಹಾಕಿಕೊಂಡೆ—ಗುರುತು ಕೂಡ ನೋಡಲಿಲ್ಲ. ಬಂಡಳ್ಳಿಯಲ್ಲಿ ಅದನ್ನು ಎತ್ತಿ ಹಿಡಿದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆಯ ಮಧ್ಯೆಯೇ ಇರಬೇಕು ಆ ಮಾತು ನನ್ನ ಬಾಯಿಂದ ಬಂದದ್ದು: "ದ್ರೋಹಿಯನ್ನು ಶಿಕ್ಷಿಸಲಾರದ ಹೋರಾಟ ಹೋರಾಟವೇ ಅಲ್ಲ." ನನಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಆ ವಾಕ್ಯ ಕಿವಿಗೆ ಚೆನ್ನಾಗಿತ್ತು, ಅಷ್ಟೆ. ಊರಿಗೆ ಮರಳಿದ ಮೇಲೆ ಗುಡಿಯ ಜಗಲಿಯಲ್ಲೂ ಅದನ್ನೇ ಹೇಳಿದೆ.

ಲಾಳಿ ಚೀಲದಲ್ಲೇ ಉಳಿಯಿತು.

ಎರಡನೆಯ ವಾರ ಯಜಮಾನರು ಸ್ವಲ್ಪ ಏರಿಸುತ್ತೇವೆ ಎಂದರು. ಒಪ್ಪೋಣ ಎಂದ ಹಿರಿಯರನ್ನು ಮುಷ್ಕರದ ಸಮಿತಿಯಿಂದ ಇಳಿಸಿದೆವು. ಮನೆಗಳಲ್ಲಿ ಒಂದು ಹೊತ್ತಿನ ಒಲೆ ಆರಿತು. ಯಾರೋ ಬಾಗಿಲು ಮುಚ್ಚಿಕೊಂಡು ನೇಯುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಮಂಕರಿಯ ಜಾಗಕ್ಕೆ ಟ್ರಂಕು ಬಂತು, ಟ್ರಂಕಿಗೆ ಬೀಗ ಬಂತು, ಬೀಗದ ಪಕ್ಕ ದೊಣ್ಣೆ ಹಿಡಿದ ಇಬ್ಬರು ಬಂದರು. ಇದೆಲ್ಲ ಅಷ್ಟು ನಿಧಾನಕ್ಕೆ, ಅಷ್ಟು ಸಹಜವಾಗಿ... ನಮಗಿಂತ ಚಿಕ್ಕವನು, ಜೋರು ಬಾಯಿಯ ನಾಗ ಈಗ ಮುಂದಾಳು. ಒಂದು ಸಲ ಮಾತುಕತೆಗೆಂದು ನಾನು ಯಜಮಾನರೊಬ್ಬರ ಮನೆಗೆ ಹೋಗಿದ್ದೆ. ಮರುದಿನ ಗುಡಿಯ ಜಗಲಿಯಲ್ಲಿ ನಾಗ ಎಲ್ಲರಿಗೂ ಕೇಳುವ ಹಾಗೆ ಅಂದ: "ಮೇಷ್ಟ್ರು ಯಜಮಾನ್ರ ಮನೇಲಿ ಕಾಪಿ ಕುಡುದ್ರಂತೆ. ಸಕ್ಕರೆ ಸರ್ಯಾಗಿತ್ತಾ ಸಾ?" ಜನ ನಕ್ಕರು. ನಾನೂ ನಕ್ಕೆ. ಅಂದಿನಿಂದ ನನಗೆ ನಮ್ಮ ಬೀದಿಯ ಭಯ ಶುರುವಾಯಿತು.

ಐದನೆಯ ವಾರದ ಒಂದು ಮಧ್ಯಾಹ್ನ ನಾಗ ಟ್ರಂಕು ತೆಗೆಸಿ ಲಾಳಿ ಎಣಿಸಿದ. ಪಟ್ಟಿ ಓದಿದವನು ನಾನೇ.

"ಸಿದ್ದಪ್ಪ, ಮೂರು" ಎಂದೆ.

"ಎರಡೇ ಅವೆ" ಎಂದ ಟ್ರಂಕಿನಲ್ಲಿ ಹುಡುಕುತ್ತಿದ್ದವನು.

"ಇನ್ನೊಂದ್ ದಪ ನೋಡ್ಲಾ" ಎಂದ ನಾಗ. ಮತ್ತೆ ನೋಡಿದರು. ಎರಡೇ.

ಆಗ ನನ್ನ ಎಡಗೈ ಚೀಲದ ಬಾಯಿಯನ್ನು ಮುಚ್ಚಿತು. ಗೌರಕ್ಕ, ಇದೊಂದು ನೆನಪನ್ನು ನಾನು ವರ್ಷಗಟ್ಟಲೆ ನೆನಪು ಎಂದು ಒಪ್ಪಲಿಲ್ಲ. ಆಮೇಲೆ ಕಟ್ಟಿಕೊಂಡದ್ದು, ಪಾಪಪ್ರಜ್ಞೆಯ ಕಲ್ಪನೆ ಎಂದೆಲ್ಲ ಹೆಸರಿಟ್ಟೆ. ಆದರೆ ಬಟ್ಟೆಯ ಕೆಳಗೆ ಲಾಳಿಯ ಚೂಪು ತುದಿ ಅಂಗೈಗೆ ಒತ್ತಿದ್ದು—ಅದನ್ನು ಕಲ್ಪಿಸಿಕೊಳ್ಳುವಷ್ಟು ಜಾಣ ನಾನಲ್ಲ.

ಒಂದು ಲಾಳಿಯಿಂದ ಮೂರು ಲಾಳಿಯ ಸೀರೆ ನೇಯಲಾಗದು. ಅಲ್ಲಿದ್ದ ಪ್ರತಿಯೊಬ್ಬನಿಗೂ ಅದು ಗೊತ್ತಿತ್ತು. "ಒಂದೊಂದಾಗಿ ಸಾಗುಸ್ತಾವ್ನೆ" ಎಂದ ನಾಗ, ಅಷ್ಟೇ ಸಾಕಾಯಿತು. ಮಾವನ ಎದುರು ನಿಂತ. "ಏನ್ ಮಾವ, ಅಮ್ಮನ್ ಮುಂದೆ ಮಡಗಿದ್ನೇ ಎತ್ಕಂಡ್ಬುಟ್ಯಾ?"

ಮಾವ ಹೆಂಗಸರ ನಡುವೆ ನಿಂತಿದ್ದ ನಿನ್ನ ಕಡೆ ನೋಡಿದರು. ತುಂಬ ಹೊತ್ತು ನೋಡಿದರು. ಆಮೇಲೆ ಅಂದರು: "ನಾನೇ ಎತ್ಕಂಡೋದೆ ಕಣ್ರಪ್ಪ. ಮಗೀಗೇನೂ ಗೊತ್ತಿಲ್ಲ."

ನಾಗ ನನ್ನ ಕಡೆ ತಿರುಗಿದ. "ಮೇಷ್ಟ್ರೇ, ನೀವೇ ಏಳಿದ್ರಲ್ಲ, ದ್ರೋಹಿಗ್ ಶಿಕ್ಷೆ ಕೊಡ್ನಿಲ್ಲ ಅಂದ್ರೆ ಅದು ಓರಾಟ್ವೇ ಅಲ್ಲ ಅಂತ. ಈಗೇನಂತೀರಿ?"

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಚೀಲ ತೆರೆದರೆ ಕ್ಷಣದಲ್ಲಿ ಮುಗಿಯುತ್ತಿತ್ತು—ಅಥವಾ ನಾನು ಮುಗಿಯುತ್ತಿದ್ದೆ. "ಸಮಿತಿಗೆ ಬಿಟ್ಟಿದ್ದು" ಎಂದೆ.

ನೇಕಾರ ಇನ್ನೊಬ್ಬ ನೇಕಾರನ ಮಗ್ಗದ ಹಾಸಿನ ಎಳೆ ಕತ್ತರಿಸಿದ್ದನ್ನು ನಮ್ಮ ಬೀದಿ ಅದುವರೆಗೆ ಕಂಡಿರಲಿಲ್ಲ. ಅಂದು ಹಾಡುಹಗಲಲ್ಲೇ ಕಂಡಿತು. ನಾಗನ ಗುಂಪು ನಿಮ್ಮ ಮನೆಗೆ ನುಗ್ಗಿ ಕುಡುಗೋಲು ಬೀಸುವಾಗ ಮಾವ ಬಿಗಿದ ಎಳೆಗಳ ಮೇಲೆ ಕೈ ಚಾಚಿ ಅಡ್ಡ ಬಿದ್ದರು. ಎಳೆಗಳ ಜೊತೆ ಬಲಗೈಯ ನರವೂ ಹೋಯಿತು. ಆಟೋದವರು ಸಮಿತಿಗೆ ಹೆದರಿ ಹತ್ತಿಸಿಕೊಳ್ಳಲಿಲ್ಲ. ಕತ್ತರಿಸಿದ ರೇಷ್ಮೆಯನ್ನೇ ಕೈಗೆ ಸುತ್ತಿ ನೀನು ಅವರನ್ನು ಆಸ್ಪತ್ರೆಗೆ ನಡೆಸಿಕೊಂಡು ಹೋದೆ. ನಾನು ಬೀದಿಯ ತಿರುವಿನಲ್ಲಿ ನಿಂತಿದ್ದೆನೋ, ಗುಡಿಯಲ್ಲೇ ಕೂತಿದ್ದೆನೋ... ಇದೊಂದು ಮಾತ್ರ ನಿಜವಾಗಿಯೂ ಗೊತ್ತಿಲ್ಲ. ಆ ರೇಷ್ಮೆಯ ಬಣ್ಣ ಕಣ್ಣ ಮುಂದಿದೆ. ಕಂಡದ್ದೋ, ಕೇಳಿದ್ದೋ.

ಪೊಲೀಸರು ಬಂದರು, ನಾಗ ಊರು ಬಿಟ್ಟ. ವಾರ ಕಳೆಯುವುದರೊಳಗೆ ಮುಷ್ಕರ ಮುರಿಯಿತು. ಎರಡನೆಯ ವಾರ ಬೇಡವೆಂದಿದ್ದಕ್ಕಿಂತ ಕಡಿಮೆ ಕೂಲಿಗೆ ಒಪ್ಪಿ ಎಲ್ಲರೂ ಮಗ್ಗಕ್ಕೆ ಇಳಿದರು. ನೀವು ಯಳಂದೂರಿಗೆ ಹೋದಿರಿ. ಮಾವನ ಬೆರಳುಗಳು ಮತ್ತೆ ಮಡಚಲಿಲ್ಲ ಎಂದು ಯಾರೋ ಹೇಳಿದರು. ಚೀಲ ಒಗೆಯಲು ತೆಗೆದಾಗ ಲಾಳಿ ಸಿಕ್ಕಿತು, ಆಗಲೇ ನನಗೆ ಗೊತ್ತಾದದ್ದು ಎಂಬ ಕಥೆಯನ್ನು ನನಗೆ ನಾನೇ ಹೇಳಿಕೊಂಡೆ. ಅವರೇ ಒಪ್ಪಿಕೊಂಡರಲ್ಲ, ಬಹುಶಃ ನಾಲ್ಕು ಲಾಳಿ ಇದ್ದವೇನೋ ಎಂದೂ ವಾದಿಸಿದೆ. "ಮಗೀಗೇನೂ ಗೊತ್ತಿಲ್ಲ" ಎಂಬ ಎರಡನೆಯ ಮಾತನ್ನು ಮಾತ್ರ ಮರೆತುಬಿಟ್ಟಿದ್ದೆ.

ಈಗ ಹನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಜನರ ಕ್ರಾಂತಿ ಏಕೆ ಹಿಂಸೆಗೆ ತಿರುಗುತ್ತದೆ—ಐದು ಅಂಕದ ಪ್ರಶ್ನೆ. ಹಸಿವು, ಹೊರಗಿನ ಶತ್ರುವಿನ ಭಯ, ಒಳಗಿನ ದ್ರೋಹಿಯ ಹುಡುಕಾಟ, ಉಗ್ರರ ಕೈಗೆ ಅಧಿಕಾರ. ಬೋರ್ಡಿನ ಮೇಲೆ ಬರೆಯುತ್ತೇನೆ, ಮಕ್ಕಳು ಬರೆದುಕೊಳ್ಳುತ್ತಾರೆ. ಎಲ್ಲವೂ ಸರಿಯಾದ ಉತ್ತರಗಳೇ. ಗೊತ್ತಿದ್ದೂ ಚೀಲದ ಬಾಯಿ ಮುಚ್ಚಿದವನಿಗೆ ಅಲ್ಲಿ ಜಾಗವಿಲ್ಲ.

ಹೋದ ವರ್ಷ ಯಳಂದೂರಿನ ಬಸ್ ನಿಲ್ದಾಣದಲ್ಲಿ ನೀನೇ ಗುರುತು ಹಿಡಿದೆ. ಕುಚ್ಚು ಕಟ್ಟಿದ ಸೀರೆಗಳ ಚೀಲ ನಿನ್ನ ತೊಡೆಯ ಮೇಲಿತ್ತು. "ಶಿವು ಅಲ್ವಾ? ಏನ್ಲಾ, ತಲೆಯೆಲ್ಲ ಬಯಲಾಗೋಗದೆ" ಎಂದು ನಕ್ಕೆ. ಅಪ್ಪ ಹೋಗಿ ಮೂರು ವರ್ಷವಾಯಿತು ಎಂದೆ ನೀನು. ಆಮೇಲೆ ನನ್ನ ಕಡೆ ನೋಡದೆ ಹೇಳಿದೆ:

"ಒಂದ್ ಮಾತ ಯಾರ್ಗೂ ಏಳಿಲ್ಲ ಕಣ್ಲಾ. ಸಾಯೋ ಮುಂಚೆ ಅಪ್ಪ ಕೇಳ್ತು, ಈಗ್ಲಾದ್ರೂ ಏಳವ್ವ, ಆ ಲಾಳೀನ ಎಲ್ ಬಚ್ಚಿಟ್ಟಿದ್ದೆ, ನಾ ಬಯ್ಯಾಕಿಲ್ಲ ಅಂತ. ಆ ವಾರ ನಾನೇ ಅಂದಿದ್ದೆ, ಅರ್ಧ ಸೀರೆ ಅಂಗೇ ಅದಲ್ಲ, ಮುಗಿಸ್ಬುಡನ ಅಂತ. ಅದ್ಕೇ ನಾನೇ ತಕಂಡಿದ್ದೆ ಅನ್ಕಂಡು ತಪ್ಪ ತನ್ ಮೇಲ್ ಆಕಂಡಿತ್ತು. ನಾನೋ, ಅಪ್ಪನೇ ಕದ್ದದೆ ಅನ್ಕಂಡು ಅಷ್ಟ್ ವರ್ಸ ಸರ್ಯಾಗ್ ಮಾತೇ ಆಡ್ನಿಲ್ಲ. ನಾ ತಕಂಡಿಲ್ಲಪ್ಪ ಅಂದೆ. ಆಯ್ತು ಬುಡವ್ವ ಅಂತು. ನಂಬ್ನಿಲ್ಲ."

ನನ್ನ ಕಡೆ ತಿರುಗಿ ನೀನು ಕೇಳಿದೆ: "ನೀನು ಓದ್ದೋನು. ಯಾರ್ ತಕಂಡಿರ್ಬೋದು ಏಳ್ಲಾ?"

"ಬಸ್ ಬಂತು ಗೌರಕ್ಕ" ಎಂದೆ ನಾನು.

ಬಸ್ಸು ನಿಜವಾಗಿಯೂ ಬಂದಿತ್ತು. ಹತ್ತಿ ಕೂತೆ. ಗುಡಿಯಲ್ಲಿ ನನಗೆ ನಾಗನ ಭಯವಿತ್ತು, ಬೀದಿಯ ಭಯವಿತ್ತು, ಸರಿ. ಯಳಂದೂರಿನಲ್ಲಿ ಯಾರ ಭಯವಿತ್ತು? ನಿನ್ನ ಕೈಯಲ್ಲಿ ಕುಡುಗೋಲಿರಲಿಲ್ಲ. ಹದಿನೇಳು ವರ್ಷ ಅಪ್ಪ ಮಗಳು ಒಬ್ಬರನ್ನೊಬ್ಬರು ಕಾಯುತ್ತಾ, ಒಬ್ಬರನ್ನೊಬ್ಬರು ಶಂಕಿಸುತ್ತಾ ಒಂದೇ ಮನೆಯಲ್ಲಿ ಉಂಡಿರಿ. ಅಷ್ಟೂ ವರ್ಷ ನಾನು ಒಂದು ಬಸ್ಸಿನಷ್ಟು ದೂರದಲ್ಲಿದ್ದೆ.

ಲಾಳಿ ಈಗ ಮೇಜಿನ ಮೇಲಿದೆ. ಎರಡು ಗೆರೆ, ಒಂದು ಚುಕ್ಕೆ. ಒಳಗೆ ನೀನು ನೂಲು ಸುತ್ತಿದ ಕಂಡಿಕೆಯಲ್ಲಿ ಅಂಚಿನ ಹಸಿರು ಎಳೆ ಇನ್ನೂ ಉಳಿದಿದೆ.

ಇದು ಅಚ್ಚಾಗುವ ಮೊದಲೇ ನಾನು ಯಳಂದೂರಿಗೆ ಬಂದಿರುತ್ತೇನೆ. ನೀನು ಬಾಗಿಲು ತೆಗೆಯಬೇಕೆಂದಿಲ್ಲ. ಹೊಸ್ತಿಲ ಮೇಲಿಟ್ಟು ತಪ್ಪಿಸಿಕೊಂಡು ಹೋಗುವುದಿಲ್ಲ. ನಿನ್ನ ಬೀದಿಯಲ್ಲಿ, ಆಮೇಲೆ ಕೊಳ್ಳೇಗಾಲದ ಅಮ್ಮನ ಗುಡಿಯ ಮುಂದೆ, ಇದನ್ನು ಎಲ್ಲರಿಗೂ ಕಾಣುವ ಹಾಗೆ ಕೈಯಲ್ಲಿ ಹಿಡಿದು ನಿಂತಿರುತ್ತೇನೆ. ಇದು ಯಾರದು, ಇಷ್ಟು ವರ್ಷ ಎಲ್ಲಿತ್ತು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.